ರಾಶಿಯ ಬುಡದ ಕಲ್ಲು

ಅತ್ತೆಗೆ ಕಲ್ಲಿನ ಮಾತು ಕೇಳಿಸುತ್ತಿತ್ತು ಎಂದರೆ ಅತಿಯಾಯಿತು. ಆದರೆ ಜಲ್ಲಿ ಕ್ರಷರ್ ಹೊಟ್ಟೆ ತುಂಬ ಉಣ್ಣುತ್ತಿದೆಯೋ, ಅರೆಹೊಟ್ಟೆಯಲ್ಲಿ ಹಲ್ಲು ಕಡಿಯುತ್ತಿದೆಯೋ ಎಂಬುದನ್ನು ಅವಳು ಅದಕ್ಕೆ ಬೆನ್ನು ಹಾಕಿ ಕೂತು, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಹೇಳಬಲ್ಲವಳಾಗಿದ್ದಳು. ಊರ ಹೊರಗಿನ ಆ ಜಲ್ಲಿ ಅಂಗಳದಲ್ಲಿ ಇದನ್ನು ಒಪ್ಪದವರು ಯಾರೂ ಇರಲಿಲ್ಲ, ಒಬ್ಬನನ್ನು ಬಿಟ್ಟರೆ. ಆ ಒಬ್ಬ ಅವಳ ಮನೆಯಲ್ಲೇ ಇದ್ದು, ಅವಳ ಕೈಯಡುಗೆ ಉಂಡು, ಅವಳೇ ಹೇಳಿ ಕೊಡಿಸಿದ ಕೆಲಸ ಮಾಡುತ್ತಿದ್ದ ಸೋದರಳಿಯ, ಅವಳ ಅಣ್ಣನ ಮಗ. ಅವನಿಗೆ ಡಿಪ್ಲೊಮಾ ಆಗಿತ್ತು. ಹಾಗಾಗಿ ಕಿವಿಯಿಂದ ತಿಳಿಯುವ ಸಂಗತಿಗಳ ಮೇಲೆ ಅಷ್ಟಾಗಿ ನಂಬಿಕೆ ಇರಲಿಲ್ಲ.

ಅತ್ತೆ ಆ ಅಂಗಳಕ್ಕೆ ಕಾಲಿಟ್ಟಾಗ ಅವಳಿಗೆ ಹದಿನೇಳು. ಆಗ ಯಂತ್ರ ದೊಡ್ಡ ಬಂಡೆಯನ್ನು ಮಾತ್ರ ಒಡೆಯುತ್ತಿತ್ತು. ಸಣ್ಣ ಜಲ್ಲಿ ಮಾಡುವವರು ತಗಡಿನ ನೆರಳಲ್ಲಿ ಸಾಲಾಗಿ ಕೂತ ಹೆಂಗಸರು. ಹಳೇ ಟೈರಿನಿಂದ ಕತ್ತರಿಸಿದ ಉಂಗುರದೊಳಗೆ ಕಲ್ಲನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ಪಕ್ಕದಲ್ಲಿ ಕೂರುತ್ತಿದ್ದ ಮುದುಕಿಯೊಬ್ಬಳು ಮೊದಲ ದಿನವೇ ಅವಳ ಕೈ ಹಿಡಿದು ನಿಲ್ಲಿಸಿದ್ದಳಂತೆ: "ಮಲಗಿರೋ ಕಲ್ಲಿಗೆ ಹೊಡೀಬೇಡ ಕಣೆ, ಬಿಲ್ಲೆ ಬಿಲ್ಲೆಯಾಗಿ ಏಳುತ್ತೆ. ಎಬ್ಬಿಸಿ ನಿಲ್ಸಿ ಹೊಡಿ." ಬಿಲ್ಲೆ ಎಂದರೆ ಚಪ್ಪಟೆ ಕಲ್ಲು. ಬಿಲ್ಲೆಯನ್ನು ಮೇಸ್ತ್ರಿ ಕಾಲಲ್ಲಿ ಒದ್ದು ಪಕ್ಕಕ್ಕೆ ತಳ್ಳುತ್ತಿದ್ದ. ಯಾಕೆಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಆಮೇಲೆ ದೊಡ್ಡ ಕ್ರಷರ್ ಬಂತು, ಸುತ್ತಿಗೆಗಳು ಹೋದವು. ಅತ್ತೆ ಬೆಲ್ಟಿನ ಪಕ್ಕ ನಿಂತು ಮಣ್ಣುಗಡ್ಡೆ ಆರಿಸಿದಳು, ಗ್ರೀಸು ಹಚ್ಚಿದಳು. ಒಂದು ದಿನ ಆಪರೇಟರ್ ಕೈ ಮುರಿದುಕೊಂಡ. "ಎರಡು ದಿನ ಕೂತ್ಕೊಳ್ಳಮ್ಮ, ಅವನು ಬರೋವರೆಗೂ" ಎಂದರು. ಅವನು ಬರಲಿಲ್ಲ. ಅವಳು ಕೂತಳು. ಹಾಗೆ ಕೂತು ಈಗ ಹತ್ತೊಂಬತ್ತು ವರ್ಷವಾಗಿತ್ತು.

ಕಬ್ಬಿಣದ ನಾಲ್ಕು ಕಾಲಿನ ಮೇಲೆ ನಿಂತ ಆ ಕ್ಯಾಬಿನ್ನಿನೊಳಗೆ ಮೂರು ಹಿಡಿಕೆ, ಏಳು ಗುಂಡಿ, ಒಂದು ಹಾರ್ನ್ ಮತ್ತು ತೀರಿಹೋದ ಗಂಡನ ಹಳೇ ಪ್ಯಾಂಟಿನಿಂದ ಹೊಲಿದ ಒಂದು ದಿಂಬು ಇದ್ದವು. ಅವಳ ವಿದ್ಯೆಯೆಲ್ಲ ಒಂದು ಮಾತಿನಲ್ಲಿ ಮುಗಿಯುತ್ತಿತ್ತು: ಯಂತ್ರದ ಬಾಯಿ ಖಾಲಿ ಬಿಡಬಾರದು.

"ಬಾಯಿ ತುಂಬ ಇದ್ರೆ ಕಲ್ಲಿಗೆ ಕಲ್ಲೇ ಬಡಿದು ಚೂಪು ಮೂಲೆ ಎಲ್ಲ ಮುರಿಯುತ್ತೆ. ದಾಳದ ಥರ ಆಚೆ ಬರುತ್ತೆ" ಎನ್ನುತ್ತಿದ್ದಳು. "ಒಂದೊಂದೇ ಹಾಕಿದ್ರೆ ಕಬ್ಬಿಣ ಅದನ್ನ ಸೀಳಿ ಬಿಸಾಕುತ್ತೆ. ಎಲ್ಲಾ ಬಿಲ್ಲೆ."

"ಅದಕ್ಕೆ ಪುರಾವೆ ಬೇಕಲ್ಲ ಅತ್ತೆ" ಎನ್ನುತ್ತಿದ್ದ ಅಳಿಯ, ಚಹಾ ಹೀರುತ್ತ.

"ಅದಕ್ಕೇ ತಾನೆ ನಿನ್ನನ್ನ ಓದಿಸಿದ್ದು."

ಪುರಾವೆ ಒದಗಿಸುವುದು ಅವನ ಕೆಲಸವೇ ಆಗಿತ್ತು. ಅಂಗಳದ ಮೂಲೆಯಲ್ಲಿ ಲ್ಯಾಬ್ ಎನಿಸಿಕೊಂಡ ಒಂದು ಕೋಣೆ, ಅದರೊಳಗೆ ಜರಡಿಗಳು, ತಕ್ಕಡಿ, ಒಲೆ, ಮತ್ತು ಬೇರೆ ಬೇರೆ ಅಗಲದ ಸೀಳುಗಳಿರುವ ಒಂದು ತಗಡಿನ ಗೇಜು. ಜಲ್ಲಿಯನ್ನು ಗಾತ್ರದ ಪ್ರಕಾರ ಜರಡಿ ಹಿಡಿದು, ಆಯಾ ಗಾತ್ರಕ್ಕೆ ಗೊತ್ತು ಮಾಡಿದ ಸೀಳಿನೊಳಗೆ ಒಂದೊಂದೇ ಕಲ್ಲನ್ನು ತೂರಿಸಿ ನೋಡಬೇಕು. ತೂರಿದರೆ ಅದು ಚಪ್ಪಟೆ, ತೂರದಿದ್ದರೆ ಒಳ್ಳೆಯದು. ನೂರು ಕಿಲೋದಲ್ಲಿ ಎಷ್ಟು ಕಿಲೋ ತೂರಿತು ಎಂಬುದೇ ಅವನು ದಿನಾ ಬರೆಯುತ್ತಿದ್ದ ಸಂಖ್ಯೆ. ಮೂರು ವರ್ಷ ಓದಿ, ಕೊನೆಗೆ ಕಲ್ಲನ್ನು ಅಂಚೆಪೆಟ್ಟಿಗೆಗೆ ಕಾಗದ ಹಾಕಿದ ಹಾಗೆ ಹಾಕುವ ನೌಕರಿ. ಆದರೂ ಅವನ ಎದೆಯ ಜೇಬಿನಲ್ಲಿ ಎರಡು ಪೆನ್ನು ಇರುತ್ತಿದ್ದವು. ಒಂದು ಬರೆಯುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಘಟನೆ ನಡೆದಿತ್ತು. ಪರೀಕ್ಷೆಗೆ ಕಲ್ಲು ತರಲು ಅವನು ಬಕೆಟ್ಟು, ಸಲಿಕೆ ಹಿಡಿದು ರಾಶಿ ಹತ್ತಿದ್ದ. ಮೂರಾಳೆತ್ತರದ ಜಲ್ಲಿ ರಾಶಿ. ಅರ್ಧ ಹತ್ತುವಷ್ಟರಲ್ಲಿ ಕಾಲ ಕೆಳಗಿನ ಕಲ್ಲು ಜಾರಿತು. ಅವನು ಬಕೆಟ್ಟಿನ ಸಮೇತ ಜಾರುಬಂಡೆ ಆಡುವ ಮಗುವಿನ ಹಾಗೆ ಕೆಳಗೆ ಬಂದ. ಎಡಗಾಲಿನ ಹೊಸ ಶೂ ರಾಶಿಯೊಳಗೇ ಉಳಿಯಿತು. ಲೋಡರ್ ಓಡಿಸುತ್ತಿದ್ದ, ಮೂಗಿನ ಕೆಳಗೆ ಪೊರಕೆಯಂಥ ಮೀಸೆ ಇದ್ದುದರಿಂದ ಎಲ್ಲರಿಗೂ 'ಮೀಸೆ'ಯೇ ಆಗಿದ್ದವನು, ಇಡೀ ಯಂತ್ರ ತಂದು ಒಂದು ಟನ್ನು ಜಲ್ಲಿ ಅಗೆದು ಆ ಶೂ ಹೊರತೆಗೆದಿದ್ದ. "ತಗೋ ಡಿಪ್ಲೊಮಾ, ನಿನ್ನ ಸ್ಯಾಂಪಲ್ಲು" ಎಂದು ಎಲ್ಲರ ಮುಂದೆ ಕೈಗಿಟ್ಟಿದ್ದ.

ಅಂದಿನಿಂದ ಅಳಿಯ ರಾಶಿ ಹತ್ತಲಿಲ್ಲ. ಬುಡದಲ್ಲೇ ಬಗ್ಗಿ ಬಕೆಟ್ಟು ತುಂಬಿಸಿಕೊಂಡು ಬರುತ್ತಿದ್ದ. ತುದಿ, ನಡು, ಬುಡ, ಮೂರೂ ಕಡೆ ಅಗೆದು ತೆಗೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವನು ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ತಗೊಂಡಿದ್ದ. ಆದರೆ ಅದು ಪುಸ್ತಕದ ಬದನೆಕಾಯಿ. ಒಂದೇ ಬಂಡೆ, ಒಂದೇ ಯಂತ್ರ, ಒಂದೇ ರಾಶಿ. ತುದಿಯ ಕಲ್ಲೇನು ಚಿನ್ನವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಐದು ತಿಂಗಳು ಕಳೆದಿದ್ದ.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯ. ಯಾರ ಮೇಲೂ ರೇಗದವರು, ಕಾಗದದಲ್ಲಿ ಇಲ್ಲದ್ದನ್ನು ನಂಬದವರು. ಕ್ರಷರಿನ ಒಳಗಿನ ಉಕ್ಕಿನ ಹಲಗೆಗಳು ಬೇಗ ಸವೆಯುತ್ತಿರುವುದನ್ನು ಅವರು ನೋಡಿದರು. ಬಾಯಿ ತುಂಬ ಕಲ್ಲು ಕೊಡುವುದೇ ಅದಕ್ಕೆ ಕಾರಣವಿರಬಹುದೆಂದು ಅನ್ನಿಸಿತು. ಹದಿನೈದು ದಿನ ಪ್ರಯೋಗ ಮಾಡಿಸಿದರು. ಮೊದಲ ಪಾಳಿಯಲ್ಲಿ ಅತ್ತೆ ಎಂದಿನ ಹಾಗೆ ಬಾಯಿ ತುಂಬ ಕೊಡುವುದು, ಆ ಕಲ್ಲು ಒಂದನೇ ರಾಶಿಗೆ. ಎರಡನೇ ಪಾಳಿಯ ಹುಡುಗ ಅರ್ಧ ಬಾಯಿ ಕೊಡುವುದು, ಆ ಕಲ್ಲು ಎರಡನೇ ರಾಶಿಗೆ. ಎರಡರ ಆಕಾರವನ್ನೂ ಲ್ಯಾಬಿನವನು ಅಳೆಯುವುದು.

ಲ್ಯಾಬಿನವನು ಅಳೆದ. ಒಂದನೇ ರಾಶಿಯಲ್ಲಿ ನೂರಕ್ಕೆ ಹದಿನಾಲ್ಕು ಚಪ್ಪಟೆ. ಎರಡನೇ ರಾಶಿಯಲ್ಲಿ ಹದಿನೈದು. ಎರಡು ರಾಶಿಗಳ ಬುಡದಿಂದ, ಅತ್ಯಂತ ಶ್ರದ್ಧೆಯಿಂದ.

"ವ್ಯತ್ಯಾಸವೇ ಇಲ್ಲ" ಎಂದರು ಮ್ಯಾನೇಜರ್. ಶುಕ್ರವಾರ ಸಂಜೆ ಅತ್ತೆಯನ್ನು ಆಫೀಸಿಗೆ ಕರೆಸಿ ಕುರ್ಚಿ ಕೊಟ್ಟು ಕೂರಿಸಿದರು. "ಅಮ್ಮ, ಸೋಮವಾರ ಎರಡನೇ ಪಾಳಿಯಿಂದ ಯಂತ್ರ ಅರ್ಧ ಬಾಯಲ್ಲೇ ಓಡಲಿ. ಅಷ್ಟಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ನೀವು ಲಾರಿ ತೂಗೋ ವೇಬ್ರಿಡ್ಜ್ ಗೇಟಿಗೆ ಬನ್ನಿ. ಫ್ಯಾನಿದೆ, ಧೂಳಿಲ್ಲ, ಮೆಟ್ಟಿಲು ಹತ್ತೋದು ಬೇಡ."

"ಆಗಲಿ ಸಾರ್" ಎಂದಳು ಅತ್ತೆ.

ಅಂಗಳದ ಅರ್ಧ ಮಂದಿ ಅವಳಿಗೆ ಬಡ್ತಿ ಸಿಕ್ಕಿತೆಂದುಕೊಂಡರು. ಅಳಿಯನೂ ಹಾಗೇ ಅಂದುಕೊಂಡು, ಮನೆಗೆ ಬರುತ್ತ ಬೇಕರಿಯಿಂದ ಒಂದು ಪೊಟ್ಟಣ ಕೇಕು ತಂದ.

ಮನೆಯೆಂದರೆ ಎರಡು ಕೋಣೆ. ಮುಂದಿನದರಲ್ಲಿ ಅವನ ಮಂಚ, ಅವಳ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿಟ್ಟ ಇಸ್ತ್ರಿ ಹಲಗೆ. ಅವನು ಒಳಗೆ ಬಂದಾಗ ಅತ್ತೆ ನೆಲದ ಮೇಲೆ ಕೂತು ಕ್ಯಾಬಿನ್ನಿನಿಂದ ತಂದ ಸಾಮಾನು ಹರಡಿಕೊಂಡಿದ್ದಳು. ದಿಂಬು, ಲೋಟ, ಮತ್ತು ಒಂದು ಕಟ್ಟು ಕಾಗದ. ಅವನದೇ ರಿಪೋರ್ಟುಗಳು. ಪ್ರತಿ ವಾರದ್ದೂ ಒಂದು ಪ್ರತಿಯನ್ನು ಆಫೀಸಿನಿಂದ ಇಸಕೊಂಡು ಹೋಗಿ ಕ್ಯಾಬಿನ್ನಿನ ಕಿಟಕಿಗೆ ಸಿಕ್ಕಿಸಿದ್ದಳೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಇವನ್ನೆಲ್ಲ ಯಾಕೆ ಇಟ್ಕೊಂಡಿದ್ದೀಯ ಅತ್ತೆ?"

"ನೋಡೋಕೆ. ಹದಿನಾಲ್ಕು, ಹದಿಮೂರು, ಹದಿನಾಲ್ಕು. ನಾನು ಸರಿಯಾಗಿ ಕೇಳಿಸ್ಕೊಳ್ತಿದ್ದೀನಿ ಅಂತ ಸಮಾಧಾನ." ಅವಳು ಕೇಕಿನ ತುಂಡು ಮುರಿದಳು, ಬಾಯಿಗೆ ಹಾಕಲಿಲ್ಲ. "ಎರಡನೇ ಪಾಳಿ ಹೊತ್ತಲ್ಲಿ ಒಂದಿನ ಗೇಟ್ ಹತ್ರ ನಿಂತಿದ್ದೆ. ಯಂತ್ರ ಬರೀ ಹಲ್ಲು ಕಡೀತಿತ್ತು. ಎಲ್ಲಾ ಬಿಲ್ಲೆ ಬರ್ತಿರಬೇಕು ಅಂದ್ಕೊಂಡೆ. ಆಮೇಲೆ ನಿನ್ನ ಕಾಗದ ಬಂತು, ಹದಿನೈದು. ನಿನ್ನ ಕಾಗದ ಸುಳ್ಳು ಹೇಳುತ್ತಾ? ನನ್ನ ಕಿವಿಗೇ ವಯಸ್ಸಾಯ್ತು ಕಣೋ. ಕೆಳಗಿಳಿಯೋದೇ ಸರಿ."

ಅಳಿಯ ಕೈಯಲ್ಲಿದ್ದ ಕೇಕನ್ನು ಮತ್ತೆ ಪೊಟ್ಟಣಕ್ಕೇ ಇಟ್ಟ. ಕೇಕು ಕೆಟ್ಟದಾಗಿರಲಿಲ್ಲ.

ಬಾಗಿಲ ಬಳಿ ಆ ದಿನದ ಉಳಿದ ಸ್ಯಾಂಪಲ್ಲಿನ ಬಕೆಟ್ಟಿತ್ತು. ಹೂಕುಂಡಕ್ಕೆ ಹಾಕಲೆಂದು ಅವಳೇ ತರಲು ಹೇಳಿದ್ದಳು. ಅತ್ತೆ ಅದರೊಳಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಅಂಗೈ ಮೇಲೆ ಉರುಳಿಸಿದಳು. ಇನ್ನೊಂದು ಹಿಡಿ ತೆಗೆದಳು. ಎಲ್ಲೋ ಒಂದು ಬಿಲ್ಲೆ ಬಿಟ್ಟರೆ ಎಲ್ಲ ದಾಳವೇ. ಹುಬ್ಬು ಗಂಟಾಯಿತು.

"ಇದು ಯಾವ ರಾಶಿದು?"

"ಎರಡನೇದು. ಅರ್ಧ ಬಾಯಿದು."

"ಎಲ್ಲಿಂದ ತೆಗೆದೆ?"

"ರಾಶಿಯಿಂದ."

"ರಾಶಿಗೆ ತಲೆನೂ ಇರುತ್ತೆ, ಕಾಲೂ ಇರುತ್ತೆ. ಎಲ್ಲಿಂದ?"

ಅವನು ನಾಲಿಗೆ ಕಚ್ಚಿಕೊಂಡ. "ಕಾಲ ಹತ್ರ."

"ಯಾವಾಗಲೂ?"

ಅವನು ಕಾಲಿನ ಕಡೆ ನೋಡಿದ. ತನ್ನ ಕಾಲಿನ ಕಡೆ.

ಅತ್ತೆ ಬೈಯಲಿಲ್ಲ. ಎದ್ದು ಇಸ್ತ್ರಿ ಹಲಗೆಯನ್ನು ಎಳೆದು ಅದರ ಒಂದು ತುದಿಯನ್ನು ಮಂಚದ ಮೇಲೆ, ಇನ್ನೊಂದನ್ನು ನೆಲಕ್ಕೆ ಇಟ್ಟಳು. ಬಕೆಟ್ಟಿನಿಂದ ಹುಡುಕಿ ಹುಡುಕಿ ಏಳೆಂಟು ಬಿಲ್ಲೆ ಆರಿಸಿದಳು. ಅಷ್ಟೇ ಸಂಖ್ಯೆಯ ದಾಳದಂಥ ಕಲ್ಲು ಸೇರಿಸಿ, ಎರಡೂ ಕೈಯಲ್ಲಿ ಕಲಸಿ, ಹಲಗೆಯ ಮೇಲ್ತುದಿಯಿಂದ ಬಿಟ್ಟಳು.

ದಾಳಗಳು ಟಕಟಕನೆ ಉರುಳಿ ನೆಲಕ್ಕೆ ಬಿದ್ದು, ಹೊಲಿಗೆ ಯಂತ್ರದ ಕೆಳಗೆ ಹೋದವು. ಬಿಲ್ಲೆಗಳು ಸ್ವಲ್ಪ ಜಾರಿ, ಬಟ್ಟೆ ಹಿಡಿದು, ಹಲಗೆಯ ನಡುವಿನಲ್ಲೇ ಮಲಗಿಬಿಟ್ಟವು.

ಅಳಿಯ ಹಲಗೆಯ ಹತ್ತಿರ ಸರಿದು ಬಗ್ಗಿದ.

"ಇನ್ನೊಂದ್ಸಲ ಬಿಡು ಅತ್ತೆ" ಎಂದ ಅಳಿಯ. ದನಿ ಸಣ್ಣಗಾಗಿತ್ತು.

ಇನ್ನೊಂದು ಸಲ ಬಿಟ್ಟಳು. ಆಮೇಲೆ ಅವನೇ ಬಿಟ್ಟ. ಹತ್ತನೇ ಸಲಕ್ಕೆ ಅವನು ಮೊಣಕಾಲೂರಿ, ಹೊಲಿಗೆ ಯಂತ್ರದ ಕೆಳಗೆ ತಲೆ ತೂರಿಸಿ, ಕೆಳಗೆ ಬಂದವನ್ನೂ ಮೇಲೆ ಉಳಿದವನ್ನೂ ಬೇರೆ ಬೇರೆ ಎಣಿಸುತ್ತಿದ್ದ. ಪ್ರತಿ ಸಲವೂ ಅದೇ. ಬೆಲ್ಟಿನ ತುದಿಯಿಂದ ಬಿದ್ದ ಜಲ್ಲಿ ರಾಶಿಯ ಇಳಿಜಾರಿನಲ್ಲಿ ಹೀಗೇ ತಾನೆ ಬೇರೆಯಾಗುವುದು. ಉರುಳುವವು ಬುಡಕ್ಕೆ, ಉರುಳಲಾರದವು ಮೇಲೆ. ಐದು ತಿಂಗಳು ಅವನು ಅಳೆದದ್ದು ಉರುಳಿ ಬಂದ ಒಳ್ಳೆಯವನ್ನು ಮಾತ್ರ. ಅರ್ಧ ಬಾಯಿಯ ರಾಶಿಯ ಬಿಲ್ಲೆಗಳೆಲ್ಲ ಅವನ ತಲೆಯ ಮೇಲೇ ಕೂತು ನಗುತ್ತಿದ್ದವು.

ಅವನು ಮೇಲೆದ್ದಾಗ ಕೂದಲ ತುಂಬ ದಾರದ ಚೂರು. ಮುಖ ಮಾತ್ರ ಪರೀಕ್ಷೆಯಲ್ಲಿ ಪಾಸಾದವನ ಹಾಗಿತ್ತು. ಆಗಷ್ಟೇ ಫೇಲಾದದ್ದು ಅವನಿಗೆ ಇನ್ನೂ ತಟ್ಟಿರಲಿಲ್ಲ.

"ನಿನ್ನ ಕಿವಿ ಸರಿಯಾಗೇ ಇದೆ ಅತ್ತೆ. ಕೆಟ್ಟಿರೋದು ನನ್ನ ಬಕೆಟ್ಟು."

"ಬಕೆಟ್ಟಿಗೆ ಯಾಕೋ ಬೈತೀಯ" ಎಂದಳು ಅತ್ತೆ. ಆಗ ಅವಳು ಕೇಕು ತಿಂದಳು. ಎರಡು ತುಂಡು.

ಶನಿವಾರ ಬೆಳಿಗ್ಗೆ ಅವನು ರಾಶಿ ಹತ್ತಿದ. ಮೀಸೆ ಲೋಡರ್ ನಿಲ್ಲಿಸಿ, ಬಾಗಿಲು ತೆರೆದು, ಕೈಕಟ್ಟಿ ಕೂತ. "ಯಾವ ಕಾಲಿನ ಶೂ ಅಂತ ಮೊದಲೇ ಹೇಳಿಬಿಡು ಡಿಪ್ಲೊಮಾ. ಹುಡುಕೋಕೆ ಅನುಕೂಲ."

ಅಳಿಯ ಶೂ ಲೇಸು ಬಿಗಿದು ಕಟ್ಟಿದ. ಮೂರು ಹೆಜ್ಜೆ ಹತ್ತಿದರೆ ಎರಡು ಹೆಜ್ಜೆ ಜಾರುತ್ತ, ನಾಲ್ಕು ಕಾಲಿನ ಪ್ರಾಣಿಯ ಹಾಗೆ ತುದಿ ಮುಟ್ಟಿದ. ತುದಿಯಿಂದ, ನಡುವಿನಿಂದ, ಬುಡದಿಂದ ಅಗೆದು ತೆಗೆದ. ಎರಡೂ ರಾಶಿ. ಕೋಣೆಯಲ್ಲಿ ಜರಡಿ ಹಿಡಿದು ಗೇಜಿಗೆ ಕೂತ. ಮೊದಲ ರಾಶಿ: ಹದಿನೇಳು. ಎರಡನೇ ರಾಶಿಯ ಕಲ್ಲುಗಳು ಸೀಳಿನಿಂದ ಒಂದರ ಹಿಂದೊಂದು ಸರಸರನೆ ತೂರತೊಡಗಿದಾಗ ಅವನು ಗೇಜನ್ನು ತಿರುಗಿಸಿ ಸೀಳಿನ ಅಗಲ ಮತ್ತೆ ನೋಡಿದ. ತೂಗಿದ. ನಂಬಿಕೆಯಾಗದೆ ತಕ್ಕಡಿ ಒರೆಸಿ ಮತ್ತೆ ತೂಗಿದ. ಮೂವತ್ತಮೂರು.

ಆ ಕಾಗದವನ್ನು ಹಿಡಿದು ಅವನು ಮ್ಯಾನೇಜರ ಕೋಣೆಗೆ ಓಡಿದ. ಶೂ, ಬುಡ, ಇಸ್ತ್ರಿ ಹಲಗೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. "ಅಂದ್ರೆ ಐದು ತಿಂಗಳಿಂದ ನೀನು ಬರೆದದ್ದೆಲ್ಲ ತಪ್ಪು."

"ಹೌದು ಸಾರ್."

"ಇವತ್ತು ಬರೆದದ್ದು ಮಾತ್ರ ಸರಿ."

"ಹೌದು ಸಾರ್."

"ಇವತ್ತಿನದು ನಿಮ್ಮತ್ತೆ ಕಡೆಗಿದೆ."

ಅಳಿಯ ಕಾಗದವನ್ನು ಮೇಜಿನ ಮೇಲಿಟ್ಟ. ಮೋಸಗಾರನೆಂದು ಅನ್ನಿಸಿಕೊಳ್ಳುವುದಕ್ಕಿಂತ ಸೋಮಾರಿಯೆಂದು ಅನ್ನಿಸಿಕೊಳ್ಳುವುದು ಎಷ್ಟು ಸುಖವೆಂದು ಅವನಿಗೆ ಮೊದಲ ಬಾರಿಗೆ ಹೊಳೆಯಿತು.

"ಸಾರ್, ನನ್ನ ಮಾತು ಬೇಡ, ಅತ್ತೆ ಮಾತೂ ಬೇಡ" ಎಂದ. "ಚಕ್ರದ ಯಂತ್ರ ಇದೆಯಲ್ಲ, ಅದನ್ನ ಕೇಳೋಣ."

ಚಕ್ರದ ಯಂತ್ರವೆಂದರೆ ಬಿಸಿನೀರಿನ ಒಂದು ತೊಟ್ಟಿ. ಡಾಂಬರು ಕಲಸಿದ ಜಲ್ಲಿಯಿಂದ ರಸ್ತೆಯ ತುಂಡಿನಂಥ ಎರಡು ಗಟ್ಟಿಗಳನ್ನು ಮಾಡಿ ಅದರಲ್ಲಿ ಮುಳುಗಿಸಿಡುವುದು. ಪ್ರತಿಯೊಂದರ ಮೇಲೂ ಒಂದೊಂದು ಉಕ್ಕಿನ ಚಕ್ರ ಭಾರ ಹೊತ್ತು ಹಿಂದೆ ಮುಂದೆ ಓಡುತ್ತದೆ. ಚಕ್ರ ಎಷ್ಟು ಮಿಲಿಮೀಟರು ಕುಸಿಯಿತೆಂದು ಪರದೆಯ ಮೇಲೆ ಕಾಣುತ್ತದೆ. ಹನ್ನೆರಡು ಮಿಲಿಮೀಟರು ಕುಸಿದರೆ ಯಂತ್ರ ತಾನೇ ನಿಲ್ಲುತ್ತದೆ. ಸೆಕೆಯಲ್ಲೂ ನೀರಿನಲ್ಲೂ ಬಸ್ಸುಗಳು ಬ್ರೇಕು ಹಾಕುವ ತಿರುವಿನಲ್ಲಿ ರಸ್ತೆಗೆ ವರ್ಷಗಟ್ಟಲೆ ಆಗುವುದನ್ನು ಅದು ಒಂದು ಮಧ್ಯಾಹ್ನದಲ್ಲಿ ಮಾಡಿ ತೋರಿಸುತ್ತದೆ. ಎರಡನೇ ರಾಶಿಯ ಜಲ್ಲಿ ಮುಂದಿನ ವಾರ ಹೋಗಬೇಕಿದ್ದುದೂ ಅಂಥದೇ ಒಂದು ಗುಡ್ಡದ ತಿರುವಿಗೆ.

ಮ್ಯಾನೇಜರ್ ಕನ್ನಡಕ ಮತ್ತೆ ಹಾಕಿಕೊಂಡರು. "ಗಟ್ಟಿ ನೀನು ಮಾಡು, ನಾನು ಪಕ್ಕದಲ್ಲಿ ನಿಂತಿರ್ತೀನಿ. ತೊಟ್ಟಿಗೆ ನಾನೇ ಇಡ್ತೀನಿ. ಎಡಕ್ಕೆ ಯಾವುದು, ಬಲಕ್ಕೆ ಯಾವುದು ಅಂತ ಯಾರಿಗೂ ಹೇಳಲ್ಲ. ಚೀಟಿ ಬರೆದು ಜೇಬಲ್ಲಿ ಇಟ್ಕೋತೀನಿ. ಸೋಮವಾರ ಮೊದಲ ಪಾಳಿ ಮುಗಿಯೋದ್ರೊಳಗೆ ತೀರ್ಮಾನ."

ಅದೇ ಡಾಂಬರು, ಅಷ್ಟೇ ಪಾಲು, ಅದೇ ಗಾತ್ರದ ಜಲ್ಲಿ. ಬೇರೆ ಇದ್ದದ್ದು ಆಕಾರ ಒಂದೇ. ಎರಡೂ ಗಟ್ಟಿ ಕರ್ರಗೆ, ಅವಳಿಜವಳಿ ಮಕ್ಕಳ ಹಾಗೆ ಹೊರಬಂದವು. ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಮ್ಯಾನೇಜರ್ ಲ್ಯಾಬಿನ ಬಾಗಿಲು ಹಾಕಿಕೊಂಡು ಅವನ್ನು ತೊಟ್ಟಿಗಿಟ್ಟರು. ಚೀಟಿ ಮಡಿಸಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದರು. ಚಕ್ರಗಳು ಹೊರಟವು.

ಅತ್ತೆ ಬರಲಿಲ್ಲ. "ನನ್ನ ಪಾಳಿ ಇನ್ನೂ ಮುಗಿದಿಲ್ಲ" ಎಂದು ಕ್ಯಾಬಿನ್ನಿನಲ್ಲೇ ಕೂತಿದ್ದಳು. ಕ್ರಷರ್ ಹೊಟ್ಟೆ ತುಂಬಿದ ದನಿಯಲ್ಲಿ ಗುಡುಗುತ್ತಿತ್ತು. ಉಳಿದವರೆಲ್ಲ ಬಂದರು. ಊಟದ ಡಬ್ಬಿ ಹಿಡಿದ ಟಿಪ್ಪರ್ ಡ್ರೈವರುಗಳು, ವೇಬ್ರಿಡ್ಜಿನ ಗುಮಾಸ್ತ, ಬೆಲ್ಟಿನ ಹೆಂಗಸರು. ಲ್ಯಾಬಿನಲ್ಲಿ ಕಾಲಿಡಲು ಜಾಗವಿಲ್ಲದೆ ಕಿಟಕಿಗೂ ಜೋತುಬಿದ್ದರು.

"ಯಾವುದು ಅಕ್ಕಂದು?" ಎಂದ ಮೀಸೆ. ಅಂಗಳದವರಿಗೆಲ್ಲ ಅತ್ತೆ ಅಕ್ಕನೇ.

"ಗೊತ್ತಿಲ್ಲ" ಎಂದ ಅಳಿಯ.

"ನಿನಗೂ ಗೊತ್ತಿಲ್ವಾ?"

"ನನಗೂ ಗೊತ್ತಿಲ್ಲ."

"ಯಾವ ಕುದುರೆ ನಮ್ಮದು ಅಂತಾನೇ ಗೊತ್ತಿಲ್ದೆ ಪಂದ್ಯ ನೋಡಬೇಕಾ. ನಿನ್ನ ಓದು ಚೆನ್ನಾಗಿದೆ ಮಾರಾಯ."

ಸಾವಿರ ಓಟಕ್ಕೆ ಎಡಗಡೆ ಎರಡು ಮಿಲಿಮೀಟರು ಕುಸಿದಿತ್ತು, ಬಲಗಡೆ ಒಂದೂ ಮುಕ್ಕಾಲು. ಮೂರು ಸಾವಿರಕ್ಕೆ ಎಡ ಎರಡೂ ಮುಕ್ಕಾಲು, ಬಲ ಎರಡೂವರೆ. ಎಡದ ಚಕ್ರವೇ ಮುಂದೆ ಮುಳುಗುತ್ತಿತ್ತು. ಜನ ಸುಮ್ಮನೆ ತಮ್ಮ ತಮ್ಮ ಅಂದಾಜಿನ ಮೇಲೆ ಎರಡು ಪಕ್ಷವಾದರು. ಬೆಲ್ಟಿನ ಹೆಂಗಸರು ಬಲದ್ದೇ ಅಕ್ಕನದೆಂದು ನಿಶ್ಚಯ ಮಾಡಿಕೊಂಡರು. "ಅಕ್ಕ ಯಾವಾಗಲೂ ಬಲಗೈಲೇ ಹಿಡಿಕೆ ಎಳೆಯೋದು" ಎಂಬುದು ಅವರ ಪುರಾವೆ. ಐದು ತಿಂಗಳ ತನ್ನ ಪುರಾವೆಗಳಿಗಿಂತ ಅದೇನೂ ಕಡಿಮೆಯದಲ್ಲವೆಂದು ಅಳಿಯನಿಗೆ ಅನ್ನಿಸಿತು.

ವೇಬ್ರಿಡ್ಜಿನ ಗುಮಾಸ್ತ ಹಿಂದಿನಿಂದ ಕೇಳಿದ: "ಅಲ್ಲಪ್ಪ, ಕಲ್ಲು ಕಲ್ಲೇ ತಾನೆ. ಚಪ್ಪಟೆ ಆದ್ರೇನು, ದಪ್ಪ ಆದ್ರೇನು?"

ಅಳಿಯ ತಿರುಗಿದ. ಮೂರು ವರ್ಷ ಓದಿದ್ದು ಆಗ ಅವನ ಬಾಯಿಗೆ ಬೇರೆಯೇ ಭಾಷೆಯಲ್ಲಿ ಬಂತು. "ತುಂಬಿದ ಬಸ್ಸಲ್ಲಿ ನಿಂತಿರ್ತೀರಲ್ಲ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ, ಇನ್ನೊಬ್ಬರ ಭುಜ ಮತ್ತೊಬ್ಬರ ಬೆನ್ನಿಗೆ. ಬ್ರೇಕ್ ಹಾಕಿದ್ರೂ ಯಾರೂ ಬೀಳಲ್ಲ. ಮೂಲೆ ಇರೋ ಕಲ್ಲು ಹಾಗೆ, ಒಂದನ್ನೊಂದು ಹಿಡ್ಕೊಳ್ಳುತ್ತೆ. ಚಪ್ಪಟೆ ಕಲ್ಲು ತಟ್ಟೆ ಜೋಡಿಸಿಟ್ಟ ಹಾಗೆ. ರೋಲರ್ ಬಂದ್ರೆ ಎಲ್ಲಾ ಮಲಗಿಬಿಡುತ್ತೆ. ಪಕ್ಕದಿಂದ ತಳ್ಳಿದ್ರೆ ಜಾರುತ್ತೆ, ಮೇಲಿಂದ ಒತ್ತಿದ್ರೆ ಮುರಿಯುತ್ತೆ. ಮುರಿದ ಜಾಗಕ್ಕೆ ಡಾಂಬರು ಅಂಟಿರಲ್ಲ, ನೀರು ನುಗ್ಗುತ್ತೆ. ಆಮೇಲೆ ನೀವು ಹೊಂಡಕ್ಕೆ ಬಿದ್ದು ನಮಗೆ ಬೈತೀರ."

"ಇದನ್ನ ಐದು ತಿಂಗಳ ಹಿಂದೆ ಹೇಳೋದಲ್ವಾ" ಎಂದ ಮೀಸೆ.

"ಆಗ ನನಗೂ ಗೊತ್ತಿರಲಿಲ್ಲ. ಓದಿದ್ದೆ ಅಷ್ಟೇ."

ಐದು ಸಾವಿರ. ಎಡ ಮೂರೂ ಕಾಲು, ಬಲ ಮೂರೂ ಕಾಲು. ಸರಿಸಮ. ಯಾರೋ ಡಬ್ಬಿಯ ಮುಚ್ಚಳ ಬೀಳಿಸಿದರೆ ಎಲ್ಲರೂ ಶ್ ಎಂದರು. ಡಬ್ಬಿ ಸದ್ದು ಮಾಡಿದರೆ ಚಕ್ರ ಕುಸಿಯುತ್ತದೆಯೋ ಎಂಬಂತೆ.

ಆರು ಸಾವಿರದ ಇನ್ನೂರರಲ್ಲಿ ತೊಟ್ಟಿಯ ಬಲಗಡೆಯ ನೀರು ಕೊಂಚ ಕದಡಿತು. ಅಳಿಯ ಬಗ್ಗಿ ನೋಡಿದ. ನೀರಿನಲ್ಲಿ ಸಣ್ಣ ಪುಡಿ ತೇಲುತ್ತಿತ್ತು. ಪರದೆಯ ಮೇಲೆ ಬಲದ ಸಂಖ್ಯೆ ನಾಲ್ಕು ದಾಟಿತು. ನಾಲ್ಕೂವರೆ. ಐದು. ಎಡ ಮೂರೂವರೆಯಲ್ಲೇ ಅಲುಗದೆ ನಿಂತಿತ್ತು.

"ಬಲ ಕೈಕೊಡ್ತಾ ಇದೆ" ಎಂದ ಕಿಟಕಿಯವನೊಬ್ಬ.

ಬೆಲ್ಟಿನ ಹೆಂಗಸರ ಮುಖ ಬಿತ್ತು. ಅಳಿಯ ಪರದೆಗೆ ಇನ್ನೂ ಹತ್ತಿರ ಸರಿದ. ಆ ಬಲದ್ದು ಯಾವುದು? ಅವನ ಗೇಜು ನಿಜ ಹೇಳಿದ್ದರೆ ಅದು ಎರಡನೇ ರಾಶಿಯದಾಗಿರಬೇಕು. ಆದರೆ ಅವನ ಗೇಜು ಐದು ತಿಂಗಳು ಇದೇ ಧೈರ್ಯದಿಂದ ಸುಳ್ಳು ಹೇಳಿತ್ತಲ್ಲ. ಬಲದ್ದು ಅತ್ತೆಯದೇ ಆಗಿದ್ದರೆ? ಅವನು ಮ್ಯಾನೇಜರ ಮುಖ ನೋಡಿದ. ಆ ಮುಖದಲ್ಲಿ ಬರೀ ಕನ್ನಡಕ ಇತ್ತು. ಕೈ ಮಾತ್ರ ಜೇಬಿನ ಗುಂಡಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು.

ಏಳು ಸಾವಿರ, ಆರೂವರೆ. ಎಂಟು ಸಾವಿರ, ಒಂಬತ್ತು. ಈಗ ಕಣ್ಣಿಗೇ ಕಾಣುತ್ತಿತ್ತು, ಬಲದ ಚಕ್ರ ಹಳ್ಳದಲ್ಲಿ ಇಳಿದು ಏರಿ ಓಡುತ್ತಿತ್ತು. ಜನ ಬಾಯಿಬಿಟ್ಟು ಎಣಿಸತೊಡಗಿದರು. ಹತ್ತು. ಹತ್ತೂವರೆ. ಹನ್ನೊಂದು. ಎಂಟು ಸಾವಿರದ ಒಂಬೈನೂರ ನಲವತ್ತನೇ ಓಟಕ್ಕೆ ಯಂತ್ರ ಕಿರ್ ಎಂದು ನಿಂತಿತು. ಬಲ ಹನ್ನೆರಡು. ಎಡ ಮೂರೂ ಮುಕ್ಕಾಲು.

ಅದೇ ಹೊತ್ತಿಗೆ ಹೊರಗೆ ಕ್ರಷರಿನ ಸದ್ದೂ ನಿಂತಿತು. ಪಾಳಿ ಮುಗಿದಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಹುಬ್ಬಿನ ಮೇಲೆ ಬೆಳ್ಳಗೆ ಧೂಳು, ಕಂಕುಳಲ್ಲಿ ದಿಂಬು. ಗೇಟಿಗೆ ಹೋಗಲು ತಯಾರಾಗಿಯೇ ಬಂದಿದ್ದಳು.

ಜನ ದಾರಿ ಬಿಟ್ಟರು. ಮ್ಯಾನೇಜರ್ ಚೀಟಿ ತೆಗೆದರು, ಆದರೆ ಬಿಡಿಸಲಿಲ್ಲ. "ಅಮ್ಮ, ಮೊದಲು ನೀವೇ ಹೇಳಿ. ಕುಸಿದದ್ದು ಯಾವುದು?"

ಅತ್ತೆ ದಿಂಬನ್ನು ಅಳಿಯನ ಕೈಗೆ ಕೊಟ್ಟಳು. ನೀರು ಬಸಿದ ತೊಟ್ಟಿಗೆ ಬಗ್ಗಿ, ಬಲದ ಹಳ್ಳದೊಳಗೆ ಬೆರಳಿಟ್ಟು ಒಂದು ಕಲ್ಲನ್ನು ಎಬ್ಬಿಸಿದಳು. ಅದು ಎರಡು ತುಂಡಾಗಿ ಬಂತು. ಮುರಿದ ಮುಖ ಬೂದು ಬಣ್ಣಕ್ಕಿತ್ತು, ಡಾಂಬರೇ ಕಾಣದ ಮುಖ. ಅವಳು ಅದನ್ನು ಉಗುರಿನಿಂದ ತಟ್ಟಿದಳು.

"ಇದು ನಾನು ಒಡೆದದ್ದಲ್ಲ ಸಾರ್."

ಮ್ಯಾನೇಜರ್ ಚೀಟಿ ಬಿಡಿಸಿದರು. ಎಡ, ಒಂದನೇ ರಾಶಿ. ಬಲ, ಎರಡನೇ ರಾಶಿ.

ಆಮೇಲೆ ಯಾರು ಏನೆಂದರೆಂದು ಅಳಿಯನಿಗೆ ನೆನಪಿಲ್ಲ. ಮೀಸೆ ಅವನನ್ನು ದಿಂಬಿನ ಸಮೇತ ಎತ್ತಿದ್ದ ಎಂಬುದು ನೆನಪಿದೆ. ಬೆಲ್ಟಿನ ಹೆಂಗಸರು ತಾವು ಮೊದಲಿನಿಂದಲೂ ಎಡದ್ದನ್ನೇ ಹೇಳಿದ್ದೆಂದು ವಾದಿಸುತ್ತಿದ್ದರು ಎಂಬುದೂ ನೆನಪಿದೆ. ಮ್ಯಾನೇಜರ್ ಗದ್ದಲ ತಗ್ಗುವವರೆಗೆ ಕಾದು, ಅತ್ತೆಯ ಕಡೆ ತಿರುಗಿದರು. "ಉಕ್ಕಿನ ಹಲಗೆ ಸವೆದರೆ ಹೊಸದು ತರಿಸ್ತೀನಿ. ಬಾಯಿ ತುಂಬ ಕೊಡಿ. ಎರಡನೇ ಪಾಳಿಯವನು ಹದಿನೈದು ದಿನ ನಿಮ್ಮ ಪಕ್ಕ ಕೂತು ಕಲೀಲಿ. ಆ ರಾಶಿನೂ ಮತ್ತೆ ಯಂತ್ರಕ್ಕೆ ಹಾಕಿ ಸಣ್ಣ ಜಲ್ಲಿ ಮಾಡಿಬಿಡಿ, ತಿರುವಿಗೆ ಹೋಗೋದು ಬೇಡ."

"ಪಕ್ಕದಲ್ಲಿ ಕೂರೋಕೆ ಜಾಗ ಇಲ್ಲ ಸಾರ್" ಎಂದಳು ಅತ್ತೆ. "ನಿಂತು ಕಲೀಲಿ. ನಾನೂ ಹಾಗೇ ಕಲಿತದ್ದು."

"ನೀನು" ಎಂದು ಮ್ಯಾನೇಜರ್ ಅಳಿಯನ ಕಡೆ ನೋಡಿದರು. "ಐದು ತಿಂಗಳ ಪ್ರತಿಯೊಂದು ರಿಪೋರ್ಟಿನ ಮೇಲೂ ನಿನ್ನ ಕೈಬರಹದಲ್ಲೇ ಬರಿ: ಕಲ್ಲು ರಾಶಿಯ ಬುಡದಿಂದ ಮಾತ್ರ ತೆಗೆದದ್ದು."

ನೂರ ಇಪ್ಪತ್ತೊಂದು ರಿಪೋರ್ಟು. ಬರೆಯುವ ಪೆನ್ನು ಅರ್ಧದಲ್ಲೇ ಮುಗಿದು, ಬರೆಯದ ಪೆನ್ನನ್ನು ಉಜ್ಜಿ ಉಜ್ಜಿ ಬರೆಸಬೇಕಾಯಿತು. ಅಂಗಳದಲ್ಲಿ ಅವನ ಡಿಪ್ಲೊಮಾ ಹೋಯಿತು. ಅಂದಿನಿಂದ ಅವನು 'ಬುಡ'.

ಮರುದಿನ ಬೆಳಿಗ್ಗೆ ಅತ್ತೆ ಮೀಸೆಯಿಂದ ಒಂದು ಹಳೇ ಟಿಪ್ಪರಿನ ಕನ್ನಡಿ ತರಿಸಿ, ಕ್ಯಾಬಿನ್ನಿನ ಕಿಟಕಿಗೆ ತಂತಿಯಲ್ಲಿ ಕಟ್ಟಿಸಿದಳು. ಅವಳ ಕುರ್ಚಿ ರಾಶಿಗಳಿಗೆ ಬೆನ್ನು ಮಾಡಿತ್ತು. ಈಗ ತಲೆ ತಿರುಗಿಸದೆಯೇ ಎರಡೂ ರಾಶಿ ಬುಡದಿಂದ ತುದಿಯವರೆಗೆ ಕಾಣುತ್ತಿದ್ದವು.

ಅಳಿಯ ಬಕೆಟ್ಟು ಹಿಡಿದು ಹತ್ತತೊಡಗಿದ. ನಡುವಿನವರೆಗೆ ಹೋಗಿ ಉಸಿರು ಬಿಟ್ಟ. ಇಲ್ಲಿಂದ ತುದಿಗೆ ಅಂಥ ವ್ಯತ್ಯಾಸವೇನೂ ಇರಲಾರದೆಂಬ ಹಳೆಯ ಯೋಚನೆ ಮೆಲ್ಲಗೆ ತಲೆ ಹಾಕಿತು. ಅವನು ಸಲಿಕೆ ಊರಿದ.

ಕ್ಯಾಬಿನ್ನಿನ ಹಾರ್ನ್ ಎರಡು ಸಲ ಕೂಗಿತು.

ಅವನು ತಿರುಗಿ ನೋಡಿದ. ಅತ್ತೆಯ ಬೆನ್ನು ಅವನ ಕಡೆಗೇ ಇತ್ತು. ಕನ್ನಡಿಯಲ್ಲಿ ಮಾತ್ರ ಅವಳ ಒಂದು ಕೈ ಮೇಲೆದ್ದು, ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಸನ್ನೆ ಮಾಡುತ್ತಿತ್ತು. ಅಳಿಯ ಸಲಿಕೆ ಕಿತ್ತುಕೊಂಡು ಹತ್ತಿದ. ಎಡಗಾಲಿನ ಶೂ ಜಲ್ಲಿಯೊಳಗೆ ಹೂತು ನಿಂತಿತು. ಅದನ್ನು ಅಲ್ಲೇ ಬಿಟ್ಟು, ಕಾಲುಚೀಲದಲ್ಲೇ ತುದಿ ತಲುಪಿದ.